ಬೂಷ್ಟಿನಿಂದಲೂ ಸೋಪು ಬರುತ್ತದೆಯೇ?



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಅಡುಗೆ, ಆರೋಗ್ಯ, ಮಕ್ಕಳ ಓದು ಇವುಗಳ ಬಗ್ಗೆಯೇ ಇರುತ್ತವೆ. ಈ ಸಲದ ಪತ್ರ ಸ್ವಲ್ಪ ಬೇರೆ. ತವರು ಕಲ್ಯಾಣದುರ್ಗ, ಸೇರಿದ ಮನೆ ಹಿಂದೂಪುರ ಎಂದು ತಿಳಿಸಿರುವ ಸಹೋದರಿಯೊಬ್ಬರು ಬರೆದಿದ್ದಾರೆ. ಹೊರದೇಶದಲ್ಲಿ ಕೆಲಸದಲ್ಲಿರುವ ಮಗ ರಜೆಗೆ ಬಂದಾಗ ಪಾತ್ರೆ ತೊಳೆಯುವ ದ್ರವದ ಬಾಟಲಿಯೊಂದನ್ನು ತಂದುಕೊಟ್ಟನಂತೆ. ಇದರೊಳಗಿನ ಸೋಪಿನ ಅಂಶ ಪೆಟ್ರೋಲಿಯಂನಿಂದ ಮಾಡಿದ್ದಲ್ಲ, ಶಿಲೀಂಧ್ರವನ್ನು, ಅಂದರೆ ಬೂಷ್ಟಿನ ಜಾತಿಯ ಜೀವಿಯನ್ನು ಬೆಳೆಸಿ ತೆಗೆದದ್ದು ಎಂದನಂತೆ. ಅಷ್ಟು ಕೇಳಿದ್ದೇ ತಡ, ಅತ್ತೆಯವರು ಆ ಬಾಟಲಿಯನ್ನು ಅಡುಗೆಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. "ಬೂಷ್ಟು ಹಿಡಿದ ಕಡಲೆಕಾಯಿ ತಿಂದು ಕೋಳಿ ಸತ್ತದ್ದನ್ನ ಈ ಕಣ್ಣಲ್ಲೇ ನೋಡಿದ್ದೀನಿ. ಅದೇ ಬೂಷ್ಟಿನಲ್ಲಿ ಊಟದ ತಟ್ಟೆ ತೊಳೀಬೇಕಾ?" ಎಂಬುದು ಅವರ ವಾದ.

ಸಹೋದರಿಯ ಪ್ರಶ್ನೆಗಳು ಮೂರು. ಮಗ ಹೇಳಿದ್ದು ನಿಜವೇ? ನಿಜವಾದರೆ ಅಪಾಯವಿಲ್ಲವೇ? ಅಪಾಯವಿಲ್ಲದಿದ್ದರೆ, ನಮ್ಮ ಕಡೆ ಬೇಕಾದಷ್ಟು ಕಡಲೆಕಾಯಿ ಎಣ್ಣೆಯೂ ಮಣ್ಣೂ ಇರುವಾಗ ನಾವೇ ಮಾಡಿಕೊಳ್ಳಬಾರದೇಕೆ?

ಅತ್ತೆಯವರ ಮಾತನ್ನು ನಾವು ನಕ್ಕು ತಳ್ಳಿಹಾಕುವುದಿಲ್ಲ. ಅದರಲ್ಲಿ ಅರ್ಧ ವಿಜ್ಞಾನವೇ ಇದೆ. ಅಲ್ಲಿಗೆ ಆಮೇಲೆ ಬರುತ್ತೇವೆ. ಮೊದಲು ಸೋಪು ಮಾಡುವ ಕೆಲಸವೇನೆಂದು ನೋಡೋಣ.

ನೀರಿನ ಮೇಲ್ಮೈ ಎಳೆದು ಕಟ್ಟಿದ ಚರ್ಮದಂತೆ ಬಿಗಿಯಾಗಿರುತ್ತದೆ. ಅದರಿಂದಲೇ ಹನಿ ದುಂಡಗಿರುತ್ತದೆ, ಸಣ್ಣ ಹುಳು ನೀರಿನ ಮೇಲೆ ನಡೆದಾಡುತ್ತದೆ. ಈ ಬಿಗಿತವನ್ನು ಮೇಲ್ಮೈ ಎಳೆತ ಎನ್ನುತ್ತಾರೆ. ಶುದ್ಧ ನೀರಿನಲ್ಲಿ ಅದು ಒಂದು ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಇಷ್ಟು ಬಿಗಿ ಇರುವ ನೀರು ಬಟ್ಟೆಯ ಎಳೆಯೊಳಗೆ ಸುಲಭವಾಗಿ ನುಗ್ಗುವುದಿಲ್ಲ, ಜಿಡ್ಡನ್ನಂತೂ ಮುಟ್ಟುವುದೇ ಇಲ್ಲ. ಸೋಪಿನ ಕಣಕ್ಕೆ ಒಂದು ತಲೆ, ಒಂದು ಬಾಲ. ತಲೆಗೆ ನೀರು ಇಷ್ಟ, ಬಾಲಕ್ಕೆ ಎಣ್ಣೆ ಇಷ್ಟ. ಬಾಲಗಳೆಲ್ಲ ಜಿಡ್ಡಿಗೆ ಚುಚ್ಚಿಕೊಳ್ಳುತ್ತವೆ, ತಲೆಗಳು ನೀರಿನ ಕಡೆ ಉಳಿಯುತ್ತವೆ, ಜಿಡ್ಡು ಚೂರುಚೂರಾಗಿ ನೀರಿನ ಜೊತೆ ಹೊರಟುಹೋಗುತ್ತದೆ. ಇಂಥ ಗುಣವಿರುವ ವಸ್ತುವಿಗೆ ಸರ್ಫ್ಯಾಕ್ಟೆಂಟ್ ಎಂದು ಹೆಸರು.

ಹೆಸರು ಹೊಸದು, ವಸ್ತು ಹಳೆಯದು. ಅಂಟುವಾಳ ಕಾಯಿ, ಸೀಗೆಕಾಯಿಗಳಲ್ಲಿ ನೊರೆ ಬರಿಸುವ ಸ್ಯಾಪೊನಿನ್ ಎಂಬುದು ಗಿಡ ತಾನೇ ತಯಾರಿಸಿಕೊಂಡ ಸರ್ಫ್ಯಾಕ್ಟೆಂಟ್. ಹಿಂದೂಪುರದ ಕಡೆ ತೆಲುಗಿನವರ ಬಾಯಲ್ಲಿ ಅಂಟುವಾಳವೇ ಕುಂಕುಡು. ಅಗಸರು ಸವಳು ಮಣ್ಣು ಹಾಕಿ ಉಬ್ಬೆಯಲ್ಲಿ ಬಟ್ಟೆ ಬೇಯಿಸುತ್ತಿದ್ದರು. ಆ ಮಣ್ಣಿನಲ್ಲಿರುವ ಸೋಡದಂಥ ಕ್ಷಾರ ಬಟ್ಟೆಯ ಜಿಡ್ಡನ್ನೇ ಒಂದಿಷ್ಟು ಸೋಪಾಗಿ ಮಾರ್ಪಡಿಸುತ್ತಿತ್ತು. ಪವಿತ್ರ ಬೈಬಲಿನಲ್ಲೂ ಯೆರೆಮೀಯನ ಗ್ರಂಥದ 2ನೆಯ ಅಧ್ಯಾಯ ಮತ್ತು ಮಲಾಕಿಯನ ಗ್ರಂಥದ 3ನೆಯ ಅಧ್ಯಾಯಗಳಲ್ಲಿ ಅಗಸರ ಸೋಪು, ಕ್ಷಾರಗಳ ಮಾತು ಬರುತ್ತದೆ. ಹಿಂದೂಪುರ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ಕಚ್ಚಾ ರೇಷ್ಮೆಯ ತೂಕದಲ್ಲಿ ಕಾಲು ಭಾಗದಷ್ಟು ಸೆರಿಸಿನ್ ಎಂಬ ಅಂಟೇ ಇರುತ್ತದೆ. ಸೋಪು ಸೋಡಾ ಹಾಕಿ ಕುದಿಸಿ ಆ ಅಂಟನ್ನು ಬಿಡಿಸಿದ ಮೇಲೆಯೇ ನೂಲಿಗೆ ಹೊಳಪು. ಹೀಗಾಗಿ ಆ ಕಡೆಯವರಿಗೆ ಸೋಪಿನ ಕೆಲಸ ನಾವು ಹೇಳಿಕೊಡಬೇಕಾದ್ದೇನಲ್ಲ.

ಹಾಗಿದ್ದ ಮೇಲೆ ಡಿಟರ್ಜೆಂಟ್ ಪುಡಿ ಏಕೆ ಬಂತು? ನಮ್ಮ ಹೆಂಗಸರು ಸೋಮಾರಿಗಳಾದರು, ಜಾಹೀರಾತಿಗೆ ಮರುಳಾದರು ಎಂದು ಕೆಲವರು ಬರೆಯುವುದುಂಟು. ನಮಗೆ ಆ ಮಾತು ಒಪ್ಪಿಗೆಯಿಲ್ಲ. ಅನಂತಪುರ ಸೀಮೆಯ ಬೋರ್‌ವೆಲ್ ನೀರು ಗಡಸು. ಎಣ್ಣೆ ಮತ್ತು ಕಾಸ್ಟಿಕ್ ಸೋಡದಿಂದ ಮಾಡಿದ ಮಾಮೂಲಿ ಸೋಪನ್ನು ಗಡಸು ನೀರಿನಲ್ಲಿ ಉಜ್ಜಿದರೆ, ನೀರಿನ ಕ್ಯಾಲ್ಸಿಯಂ ಅದನ್ನು ಹಿಡಿದು ಬಿಳಿಯ ಗಸಿಯಾಗಿ ಕೂರಿಸುತ್ತದೆ. ಅರ್ಧ ಸೋಪು ಹಾಗೆಯೇ ದಂಡ. 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಬಂದವು. ಅವು ಗಡಸು ನೀರಿನಲ್ಲೂ ನೊರೆ ಕೊಟ್ಟವು, ನಿರ್ಮಾ ಬಡವರ ಕೈಗೆಟಕುವ ಬೆಲೆಗೂ ಸಿಕ್ಕಿತು. ಎರಡು ಕೊಡ ನೀರಿನಲ್ಲಿ ಮನೆಮಂದಿಯ ಬಟ್ಟೆ ಒಗೆಯಬೇಕಾದ ತಾಯಿ ಅದನ್ನು ಕೊಂಡದ್ದರಲ್ಲಿ ತಪ್ಪೇನಿದೆ?

ತೊಂದರೆ ಇರುವುದು ಬಚ್ಚಲಿನ ಆಚೆ. ಡಿಟರ್ಜೆಂಟಿನ ಮುಖ್ಯ ಅಂಶ ಪೆಟ್ರೋಲಿಯಂನಿಂದ ಬರುತ್ತದೆ. ಗಡಸು ನೀರನ್ನು ಮೆದುಮಾಡಲು ಅನೇಕ ಪುಡಿಗಳಿಗೆ ಫಾಸ್ಫೇಟನ್ನೂ ಸೇರಿಸುತ್ತಾ ಬಂದಿದ್ದಾರೆ. ಫಾಸ್ಫೇಟ್ ಕೆರೆಗೆ ಸೇರಿದರೆ ಪಾಚಿಗೆ ಗೊಬ್ಬರವಾಗುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ಬೀದಿಗೆ ಹಾರಿ ಬಂದದ್ದು, ಆ ವರ್ಷದ ಮೇ ತಿಂಗಳಲ್ಲಿ ನೊರೆಗೇ ಬೆಂಕಿ ಹತ್ತಿಕೊಂಡದ್ದು ನಿಮಗೆ ನೆನಪಿರಬಹುದು. ಆ ಕೊಳಕಿನಲ್ಲಿ ಪಾಲು ಬಹಳ ಪದಾರ್ಥಗಳದ್ದು. ಆದರೆ ನೊರೆಯಲ್ಲಿ ನಮ್ಮ ನಿಮ್ಮ ಬಚ್ಚಲಿನ ಡಿಟರ್ಜೆಂಟಿನ ಪಾಲು ದೊಡ್ಡದು.

ಬೆಂಗಳೂರಿನ ಕೆರೆಗೂ ಹಿಂದೂಪುರಕ್ಕೂ ಏನು ಸಂಬಂಧ ಎಂದು ಕೇಳುವಿರಿ. ನಂದಿ ಬೆಟ್ಟಗಳ ಸಾಲಿನಿಂದ ಎರಡು ನದಿಗಳು ಅಕ್ಕತಂಗಿಯರಂತೆ ಹೊರಡುತ್ತವೆ. ತೆಂಕಣ ಕಡೆ ಇಳಿಯುವುದು ದಕ್ಷಿಣ ಪಿನಾಕಿನಿ; ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿ ನೀರು ಸೇರುವುದು ಅದಕ್ಕೆ. ಬಡಗಣ ಕಡೆ ಹೊರಡುವ ಉತ್ತರ ಪಿನಾಕಿನಿಯೇ ನಮ್ಮ ಪೆನ್ನಾರ್. ಗೌರಿಬಿದನೂರು ದಾಟಿ ಹಿಂದೂಪುರದ ಸೀಮೆಗೆ ಬಂದು, ಮುಂದೆ ಕಲ್ಯಾಣದುರ್ಗದ ಸೀಮೆಯನ್ನೂ ಹಾಯ್ದು ಹೋಗುತ್ತದೆ. 2022ರಲ್ಲಿ ಜಿಲ್ಲೆ ಒಡೆದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ನದಿಗೆ ಆ ಗಡಿ ತಿಳಿಯದು. ಪತ್ರ ಬರೆದ ಸಹೋದರಿಯ ತವರಿಗೂ ಗಂಡನ ಮನೆಗೂ ಒಂದೇ ಹೊಳೆ. ವರ್ಷದ ಬಹುಪಾಲು ಅದು ಬರಿಯ ಮರಳು, ನಿಜ. ನೀರು ಕಡಿಮೆ ಇರುವ ನಾಡಿನಲ್ಲಿ ಬಚ್ಚಲ ನೀರು ಕೊಚ್ಚಿಹೋಗುವುದಿಲ್ಲ. ಊರ ಕೆರೆಯಲ್ಲಿ ನಿಂತು, ಇಂಗಿ, ಮತ್ತೆ ಬೋರ್‌ವೆಲ್ಲಿನ ಕಡೆಗೇ ಇಳಿಯುತ್ತದೆ. ಅದೂ ಅಲ್ಲದೆ, ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧಿ ಮಾಡಿ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಪೆನ್ನಾರ್ ಹುಟ್ಟುವುದು ಆ ಜಿಲ್ಲೆಯಲ್ಲೇ. ಬೆಂಗಳೂರಿನಲ್ಲಿ ಇಂದು ಯಾವ ಸೋಪು ಬಳಸುತ್ತಾರೆ ಎಂಬುದು ನಾಳೆ ಆ ಕಡೆಯ ಊರುಗಳ ವಿಷಯವೂ ಆಗುತ್ತದೆ.

ಜಗದ್ಗುರು ಪೋಪ್ ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ 'ಲೌದಾತೋ ಸಿ' ವಿಶ್ವಪತ್ರದ 29ನೆಯ ಪ್ಯಾರಾದಲ್ಲಿ ನದಿ, ಕೆರೆ, ಸಮುದ್ರಗಳಿಗೆ ಹರಿಯುತ್ತಿರುವ ಡಿಟರ್ಜೆಂಟುಗಳನ್ನು ಹೆಸರಿಟ್ಟೇ ಪ್ರಸ್ತಾಪಿಸಿದ್ದಾರೆ. ವಿಶ್ವಪತ್ರದಲ್ಲಿ ಬಟ್ಟೆ ಸೋಪಿನ ಮಾತೂ ಬರುತ್ತದೆಂದು ಎಷ್ಟು ಜನರಿಗೆ ಗೊತ್ತಿದೆಯೋ!

ಈಗ ಬೂಷ್ಟಿನ ವಿಷಯಕ್ಕೆ ಬರೋಣ.

ಮಣ್ಣಿನಲ್ಲಿರುವ ಶಿಲೀಂಧ್ರಕ್ಕೆ ಸೋಪು ಏತಕ್ಕೆ ಬೇಕು? ಬಟ್ಟೆ ಒಗೆಯುವ ಕೆಲಸ ಅದಕ್ಕಿಲ್ಲವಷ್ಟೆ. ಎರಡು ಕಾರಣಗಳಿವೆ. ಮೊದಲನೆಯದು ಊಟ. ಮಣ್ಣಿನಲ್ಲಿ ಎಣ್ಣೆಯೋ ಜಿಡ್ಡೋ ಬಿದ್ದಿದ್ದರೆ ಅದು ನೀರಿನಲ್ಲಿ ಕರಗುವುದಿಲ್ಲ. ಬಾಯಿ ಹಲ್ಲು ಇಲ್ಲದ ಈ ಜೀವಿ ಅದನ್ನು ತಿನ್ನುವುದಾದರೂ ಹೇಗೆ? ಒಂದು ಬಗೆಯ ಸೋಪನ್ನು ಹೊರಗೆ ಸುರಿಸಿ, ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆದು, ಆಮೇಲೆ ಹೀರಿಕೊಳ್ಳುತ್ತದೆ. ನಮ್ಮ ಹೊಟ್ಟೆಯಲ್ಲಿ ಪಿತ್ತರಸ ಮಾಡುವ ಕೆಲಸವೂ ಹೆಚ್ಚು ಕಡಿಮೆ ಇದೇ.

ಎರಡನೆಯ ಕಾರಣ ನಮಗೆ ಇನ್ನೂ ಸೋಜಿಗವೆನಿಸಿತು. ಬೂಷ್ಟಿನ ಎಳೆಗಳು ಬೆಳೆಯುವುದು ಒದ್ದೆಯಲ್ಲಿ, ಬೀಜದಂಥ ಕಣಗಳನ್ನು ತೂರಬೇಕಾದದ್ದು ಗಾಳಿಯಲ್ಲಿ. ನೀರಿನೊಳಗಿನಿಂದ ಎದ್ದು ಬರಲು ಆ ಬಿಗಿಯಾದ ಮೇಲ್ಮೈಯನ್ನು ಸೀಳಬೇಕು. ಕೂದಲಿಗಿಂತ ಎಷ್ಟೋ ಸಣ್ಣ ಎಳೆಗೆ ಅದು ಗೋಡೆಯೇ ಸರಿ. ಆಗ ಅದು ಹೈಡ್ರೋಫೋಬಿನ್ ಎಂಬ ಪ್ರೋಟೀನನ್ನು ಹೊರಬಿಡುತ್ತದೆ. ಕೊಳೆಯುವ ಮರದ ಮೇಲೆ ಬೆಳೆಯುವ ಸ್ಕೈಜೋಫಿಲ್ಲಮ್ ಎಂಬ ಅಣಬೆ ಜಾತಿಯಲ್ಲಿ ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಅದರ ಪ್ರೋಟೀನು ನೀರಿನ ಎಳೆತವನ್ನು 72ರಿಂದ 24ಕ್ಕೆ ಇಳಿಸುತ್ತದೆ. ಗೋಡೆ ಬಾಗಿಲಾಗುತ್ತದೆ, ಎಳೆ ತಲೆ ಎತ್ತಿ ಹೊರಗೆ ಬರುತ್ತದೆ.

ಇದೇ ಬಗೆಯ ಪ್ರೋಟೀನು ಟ್ರೈಕೋಡರ್ಮಾದಲ್ಲೂ ಇದೆ. ಆ ಹೆಸರು ನಮ್ಮ ರೈತ ಕುಟುಂಬಗಳಿಗೆ ಹೊಸದಲ್ಲ. ಕಡಲೆಕಾಯಿ ಬಿತ್ತುವಾಗ ಬುಡಕೊಳೆ ರೋಗ ಬಾರದಿರಲೆಂದು ಒಂದು ಕಿಲೋ ಬೀಜಕ್ಕೆ 4 ಗ್ರಾಂನಂತೆ ಬೆರೆಸುವ ಹಸಿರು ಪುಡಿ ಅದೇ. ಅದೂ ಮಣ್ಣಿನ ಶಿಲೀಂಧ್ರವೇ.

ಇಂಥ ಜೀವಿಗಳನ್ನು ಹುಡುಕುವ ಕ್ರಮ ಬಹಳ ಸರಳ. ಎಣ್ಣೆ ಚೆಲ್ಲಿ ಚೆಲ್ಲಿ ಕಪ್ಪಾದ ಮಣ್ಣಿಗೆ ಹೋಗುತ್ತಾರೆ: ಎಣ್ಣೆ ಮಿಲ್ಲಿನ ಅಂಗಳ, ಗ್ಯಾರೇಜಿನ ಹಿತ್ತಲು, ಪೆಟ್ರೋಲ್ ಬಂಕಿನ ಬದಿ. ಅಲ್ಲಿ ಬದುಕಿ ಉಳಿದ ಜೀವಿಗೆ ಎಣ್ಣೆ ತಿನ್ನುವ ವಿದ್ಯೆ ಗೊತ್ತಿರಲೇಬೇಕು. ಮಣ್ಣನ್ನು ನೀರಿನಲ್ಲಿ ಕದಡಿ, ತೆಳು ಮಾಡಿ, ತಟ್ಟೆಗಳಲ್ಲಿ ಬೆಳೆಸಿ, ಒಂದೊಂದು ಬೂಷ್ಟನ್ನೂ ಬೇರೆ ಮಾಡುತ್ತಾರೆ. ಆಮೇಲೆ ಪರೀಕ್ಷೆ. ಅಗಲವಾದ ತಟ್ಟೆಯ ನೀರಿನ ಮೇಲೆ ಎಣ್ಣೆಯ ತೆಳು ಪದರ ಹರಡಿ, ಬೂಷ್ಟು ಬೆಳೆದ ದ್ರವದ ಒಂದು ಹನಿಯನ್ನು ನಡುವೆ ಬಿಡುತ್ತಾರೆ. ಸೋಪಿನ ಗುಣವಿದ್ದರೆ ಎಣ್ಣೆ ಸರ್ರನೆ ಬದಿಗೆ ಸರಿದು ನಡುವೆ ತಿಳಿ ವೃತ್ತ ಬೀಳುತ್ತದೆ. ಇನ್ನೊಂದು ಪರೀಕ್ಷೆಯಲ್ಲಿ ಅದೇ ದ್ರವಕ್ಕೆ ಸೀಮೆಎಣ್ಣೆ ಸೇರಿಸಿ ಚೆನ್ನಾಗಿ ಕುಲುಕಿ 24 ಗಂಟೆ ಇಡುತ್ತಾರೆ. ಮರುದಿನವೂ ನೀರು ಎಣ್ಣೆ ಬೇರೆಯಾಗದೆ ಮಜ್ಜಿಗೆಯಂತೆ ಕೂಡಿಕೊಂಡು ನಿಂತಿದ್ದರೆ ಆ ಬೂಷ್ಟು ಉತ್ತೀರ್ಣ. ಕಡಲೆಕಾಯಿ ಸೀಮೆಯ ಎಣ್ಣೆ ಮಿಲ್ಲುಗಳ ಅಂಗಳದಷ್ಟು ತಕ್ಕ ಜಾಗ ಇದಕ್ಕೆ ಬೇರೆ ಬೇಕಿಲ್ಲ. ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿ ವಿಜ್ಞಾನದ ವಿಭಾಗವಿದೆ. ಬಿ.ಎಸ್ಸಿ. ಮುಗಿಸಿ ಮುಂದೇನು ಎಂದು ಕುಳಿತಿರುವ ನಮ್ಮ ಯುವಕ ಯುವತಿಯರು ಈ ಕಡೆ ಒಮ್ಮೆ ಕಣ್ಣು ಹಾಯಿಸಬಹುದು.

ಒಂದು ಮಾತನ್ನು ಮುಚ್ಚಿಡಬಾರದು. ಮಣ್ಣಿನ ಬೂಷ್ಟುಗಳು ಗುಣದಲ್ಲಿ ಮೇಲಾದರೂ ಇಳುವರಿಯಲ್ಲಿ ಜಿಪುಣ. ಒಂದು ಲೀಟರ್ ದ್ರವಕ್ಕೆ ಕೆಲವೇ ಗ್ರಾಂ ಕೊಡುವುದೇ ಹೆಚ್ಚು. ಇಂದು ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ಶಿಲೀಂಧ್ರ ಮಣ್ಣಿನದಲ್ಲ; ದುಂಬಿಯ ಜೇನಿನಲ್ಲಿ ಸಿಕ್ಕ ಯೀಸ್ಟ್. ಅದರ ಹೆಸರು ಸ್ಟಾರ್ಮೆರೆಲ್ಲ ಬಾಂಬಿಕೋಲ. ಯೀಸ್ಟ್ ಕೊಡುವ ಈ ಬಗೆಯ ಸೋಪನ್ನು 1961ರಲ್ಲಿ ಕೆನಡಾದ ಮೂವರು ವಿಜ್ಞಾನಿಗಳು ಮೊದಲು ವಿವರಿಸಿದರು. ಸೊಫೊರೊಲಿಪಿಡ್ ಎಂದು ಅದನ್ನು ಕರೆಯುತ್ತಾರೆ. ಸಕ್ಕರೆಯನ್ನೂ ಅಡುಗೆ ಎಣ್ಣೆಯನ್ನೂ ಒಟ್ಟಿಗೆ ಕೊಟ್ಟರೆ ಈ ಯೀಸ್ಟ್ ಸಕ್ಕರೆಯಿಂದ ತಲೆ, ಎಣ್ಣೆಯಿಂದ ಬಾಲ ಮಾಡಿ ಜೋಡಿಸುತ್ತದೆ. ಒಂದು ಲೀಟರಿಗೆ 300 ಗ್ರಾಂಗಿಂತಲೂ ಹೆಚ್ಚು ಸೋಪು ತೆಗೆದದ್ದುಂಟು. ಬೆಲ್ಜಿಯಂನ ಇಕೋವರ್, ಜಪಾನಿನ ಸರಾಯಾ ಕಂಪನಿಗಳು ಇದನ್ನು ತೊಳೆಯುವ ದ್ರವಗಳಲ್ಲಿ ಬಳಸಿವೆ. ಆದ್ದರಿಂದ ಸಹೋದರಿಯ ಮೊದಲ ಪ್ರಶ್ನೆಗೆ ಉತ್ತರ: ಮಗ ಹೇಳಿದ್ದು ನಡೆಯುವ ಸಂಗತಿಯೇ, ಕಟ್ಟುಕತೆಯಲ್ಲ. ಆದರೆ ಬೆಲೆ ಇನ್ನೂ ಹೆಚ್ಚು. ಶುಚಿಯಾದ ದೊಡ್ಡ ಪಾತ್ರೆ, ಗಾಳಿ, ದಿನಗಟ್ಟಲೆ ಕಾಯುವಿಕೆ, ಕೊನೆಗೆ ದ್ರವದಿಂದ ಸೋಪನ್ನು ಬೇರೆ ಮಾಡುವ ಖರ್ಚು, ಇವೆಲ್ಲ ಸೇರಿ ಪೆಟ್ರೋಲಿಯಂನ ಡಿಟರ್ಜೆಂಟಿಗೆ ಸರಿಸಾಟಿಯಾಗಲು ಬಿಟ್ಟಿಲ್ಲ. ಇನ್ನೊಂದು ತಮಾಷೆ, ಈ ಸೋಪಿಗೆ ನೊರೆ ಕಡಿಮೆ. ಕೊಳೆ ಹೋಗುವುದಕ್ಕೂ ನೊರೆಗೂ ಅಂಥ ನಂಟೇನೂ ಇಲ್ಲ. ಆದರೂ ಬಕೆಟ್ಟಿನ ತುಂಬ ನೊರೆ ಉಕ್ಕದಿದ್ದರೆ ನಮ್ಮ ಮನೆಗಳಲ್ಲಿ "ಇದೇನು ಸೋಪು?" ಎಂದು ಅಂಗಡಿಗೆ ವಾಪಸ್ಸು ಕಳಿಸಿಯಾರು.

ಇನ್ನು ಅತ್ತೆಯವರ ಕೋಳಿಯ ಮಾತು.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೀರಿ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕಿದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿ. ಆ ಹಿಂಡಿಯಲ್ಲಿ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಬೂಷ್ಟಿನ ವಿಷವಿತ್ತು. ಅದಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು. ಈ ಬೂಷ್ಟೂ ಮಣ್ಣಿನದೇ. ಮಳೆ ಕೈಕೊಟ್ಟು, ಕಾಯಿ ಬಲಿಯುವ ಹೊತ್ತಿಗೆ ನೆಲ ಕಾದರೆ ಹೊಲದಲ್ಲೇ ಕಾಯಿಯೊಳಗೆ ಸೇರುತ್ತದೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯ ಅನಂತಪುರ ಸೀಮೆಗೆ ಇದು ದೂರದ ಮಾತಲ್ಲ. ಈ ವಿಷ ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಬಹಳ ಕಾಲ ಹೊಟ್ಟೆಗೆ ಹೋದರೆ ಯಕೃತ್ತಿನ ಕ್ಯಾನ್ಸರಿಗೆ ದಾರಿ. ಅಜ್ಜಿ ಕೋಳಿಯನ್ನು ನೋಡಿ ಕಲಿತದ್ದನ್ನು ವಿಜ್ಞಾನಿಗಳು ಟರ್ಕಿ ಕೋಳಿಯನ್ನು ನೋಡಿ ಕಲಿತರು. ಗಾಣಕ್ಕೆ ಕೊಡುವ ಕಡಲೆಬೀಜದಲ್ಲಿ ಸುಕ್ಕಿದ್ದು, ಬಣ್ಣಗೆಟ್ಟದ್ದು, ಬೂಷ್ಟು ಹಿಡಿದದ್ದು ಇದ್ದರೆ ದಯವಿಟ್ಟು ಆರಿಸಿ ಎಸೆಯಿರಿ. ಶುದ್ಧೀಕರಿಸದ ಎಣ್ಣೆಗೂ ಆ ವಿಷ ಸ್ವಲ್ಪ ಇಳಿಯುತ್ತದೆ. ಎಸೆಯುವಾಗ ಕೋಳಿ, ದನಗಳ ಬಾಯಿಗೂ ಸಿಗದಂತೆ ನೋಡಿಕೊಳ್ಳಿ.

ಆದರೆ ಒಂದು ಬೂಷ್ಟು ಕೊಂದಿತೆಂದು ಎಲ್ಲ ಬೂಷ್ಟೂ ಕೊಲೆಗಾರನಲ್ಲ. ಪೆನಿಸಿಲಿನ್ ಕೊಟ್ಟದ್ದು ಬೂಷ್ಟು. ಬಲಿಪೂಜೆಯ ದ್ರಾಕ್ಷಾರಸ ಯೀಸ್ಟಿನ ಕೆಲಸ. ಪರಮಪ್ರಸಾದದ ರೊಟ್ಟಿಗೆ ಮಾತ್ರ ಹುಳಿ ಹಾಕುವುದಿಲ್ಲ. ಕಾರ್ಖಾನೆಯಲ್ಲಿ ಯಾವ ಜಾತಿ ಎಂದು ಗುರುತಿಸಿ, ಅದೊಂದನ್ನೇ ಬೆಳೆಸಿ, ಸೋಪನ್ನು ಬೇರೆ ಮಾಡಿ, ಪರೀಕ್ಷಿಸಿ ಬಾಟಲಿಗೆ ತುಂಬುತ್ತಾರೆ. ಬಾಟಲಿಯಲ್ಲಿ ಇರುವುದು ಬೂಷ್ಟಲ್ಲ, ಅದು ಬಿಟ್ಟುಕೊಟ್ಟ ಪದಾರ್ಥ. ಜೇನುತುಪ್ಪದಲ್ಲಿ ಜೇನುಹುಳ ಇರುವುದಿಲ್ಲವಲ್ಲ, ಹಾಗೆ. ತಟ್ಟೆ ತೊಳೆದು ನೀರಿನಲ್ಲಿ ಜಾಲಿಸಿದರೆ ಅತ್ತೆಯವರು ನಿಶ್ಚಿಂತೆಯಿಂದ ಊಟ ಮಾಡಬಹುದು.

'ನೈಸರ್ಗಿಕ' ಎಂಬ ಮಾತು ಕಂಡ ಕೂಡಲೇ ನಂಬಿಬಿಡುವುದೂ ಬೇಡ. ಅಫ್ಲಟಾಕ್ಸಿನ್ ನೂರಕ್ಕೆ ನೂರು ನೈಸರ್ಗಿಕ. ಅಂಟುವಾಳದ ಸ್ಯಾಪೊನಿನ್ ಕೂಡ ಮೀನಿಗೆ ವಿಷ.

ಮೂರನೆಯ ಪ್ರಶ್ನೆಗೆ ನಮ್ಮ ಉತ್ತರ ಖಡಾಖಂಡಿತ: ಮನೆಯಲ್ಲಿ ಬೇಡ. ಮಿಲ್ಲಿನ ಮಣ್ಣು ತಂದು ಎಣ್ಣೆ ಸಕ್ಕರೆ ಹಾಕಿ ಮುಚ್ಚಿಟ್ಟರೆ ಸೋಪಿನ ಬೂಷ್ಟು ಬೆಳೆಯುತ್ತದೋ ವಿಷದ ಬೂಷ್ಟು ಬೆಳೆಯುತ್ತದೋ ಕಣ್ಣಿಗೆ ತಿಳಿಯುವುದಿಲ್ಲ. ಕಾರ್ಖಾನೆಯ ಮಟ್ಟದಲ್ಲಿ ಆಗಬಹುದೇ ಎಂದರೆ, ಆಗಬಹುದು. ಆದರೆ ತಿನ್ನುವ ಕಡಲೆಕಾಯಿ ಎಣ್ಣೆಯನ್ನು ಸೋಪಿಗೆ ಸುರಿಯುವುದು ನಮಗೆ ಸರಿಕಾಣದು. ನಮ್ಮ ದೇಶ ತನಗೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸಿಕೊಳ್ಳುತ್ತಿದೆ. ಕರಿದು ಉಳಿದ ಎಣ್ಣೆ, ಎಣ್ಣೆ ಶುದ್ಧಿ ಮಾಡುವಾಗ ಉಳಿಯುವ ಮಡ್ಡಿ, ಸಕ್ಕರೆ ಕಾರ್ಖಾನೆಯ ಕಾಕಂಬಿ ಇವುಗಳಿಂದಲೂ ಶಿಲೀಂಧ್ರಗಳು ಸೋಪು ಮಾಡಬಲ್ಲವೆಂದು ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಮಿಲ್ಲಿನ ಕಸಕ್ಕೆ ಬೆಲೆ ಬಂದರೆ ಕಡಲೆಕಾಯಿ ಬೆಳೆಯುವ ರೈತನಿಗೂ ನಾಲ್ಕು ಕಾಸು ಹೆಚ್ಚು ಸಿಗಬೇಕು. ಸಿಗದಿದ್ದರೆ ಆ ಜಾಣತನದಿಂದ ಕಲ್ಯಾಣದುರ್ಗಕ್ಕೆ ಬಂದ ಲಾಭವೇನು?

ಸಹೋದರಿ ಪತ್ರದ ಕೊನೆಯಲ್ಲಿ ತಮ್ಮ ಅಂಗೈ ಬಿರಿಯುವ ಕಷ್ಟವನ್ನೂ ಬರೆದಿದ್ದಾರೆ. ಡಿಟರ್ಜೆಂಟ್ ಕೊಳೆಯ ಜಿಡ್ಡಿನ ಜೊತೆ ಚರ್ಮದ ಜಿಡ್ಡನ್ನೂ ಒಯ್ಯುತ್ತದೆ. ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ಹಾಕಿ, ಸಾಧ್ಯವಾದರೆ ಮಳೆ ನೀರು ಹಿಡಿದಿಟ್ಟು ಒಗೆಯಿರಿ. ಮೆದು ನೀರಿಗೆ ಅರ್ಧ ಪುಡಿ ಸಾಕು. ಕೆಲಸ ಮುಗಿದ ಕೂಡಲೇ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಬಿರುಕಿನಲ್ಲಿ ರಕ್ತ ಬರುತ್ತಿದ್ದರೆ ಚರ್ಮದ ವೈದ್ಯರಿಗೆ ತೋರಿಸಲೇಬೇಕು. ರೇಷ್ಮೆ ಸೀರೆಗೂ ಮಕ್ಕಳ ಮೆದು ಬಟ್ಟೆಗೂ ಅಂಟುವಾಳ ಈಗಲೂ ಒಳ್ಳೆಯದೇ. ಹತ್ತು ಹನ್ನೆರಡು ಕಾಯಿ ಒಡೆದು ಬೀಜ ತೆಗೆದು, ಸಿಪ್ಪೆಯನ್ನು ಮಾತ್ರ ರಾತ್ರಿ ಬಿಸಿನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿಕೊಳ್ಳಿ. ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ, ಬಹಳ ಉರಿಯುತ್ತದೆ. ಒಗೆದ ನೀರನ್ನು ಮೀನಿರುವ ಹೊಂಡಕ್ಕೆ ಬಿಡಬೇಡಿ. ಸೋಸಿದ ನೀರನ್ನು ಎರಡು ದಿನಕ್ಕಿಂತ ಹೆಚ್ಚು ಇಡುವಂತಿಲ್ಲ. ಆಮೇಲೆ ಅದರ ಮೇಲೆಯೇ ಬೂಷ್ಟು ಬರುತ್ತದೆ, ಚೆಲ್ಲಿಬಿಡಿ.